ನಾಲ್ಕು ಗಂಟೆಯ ನೆರಳು: ಫೀನಿಕ್ಸ್ ನಗರಮಧ್ಯದ ಒಂದು ಹೊಸ ಕಟ್ಟಡ ಮತ್ತು ಅದರ ಮುಂದಿನ ಫುಟ್‌ಪಾತ್

ಈ ಪ್ರಕರಣ ನಡೆದದ್ದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ನಡುಭಾಗದಲ್ಲಿ. ಬೀದಿಯ ಹೆಸರು, ಕಟ್ಟಡದ ಗುರುತು, ಕಟ್ಟಿಸಿದವರ ಮತ್ತು ವಿನ್ಯಾಸ ಮಾಡಿದವರ ಹೆಸರುಗಳನ್ನು ಬಿಟ್ಟಿದ್ದೇನೆ. ಜಾಗ ಯಾವುದೆಂದು ಗೊತ್ತಾಗಬಾರದೆಂದು ಕೆಲವು ಅಳತೆಗಳನ್ನು ತುಸು ಬದಲಿಸಿದ್ದೇನೆ. ಸೂರ್ಯನ ಕೋನ, ನೆರಳಿನ ಲೆಕ್ಕ ಮತ್ತು ತೀರ್ಮಾನಗಳು ನಡೆದ ಕ್ರಮವನ್ನು ಮಾತ್ರ ಬದಲಿಸಿಲ್ಲ. ನೆರಳಿನ ಲೆಕ್ಕ ನೋಡಿಕೊಳ್ಳುವ ಸಲಹೆಗಾರನಾಗಿ ನಾನು ಈ ಯೋಜನೆಯಲ್ಲಿದ್ದೆ. ಆದ್ದರಿಂದ ಮೊದಲ ನಕ್ಷೆಯಲ್ಲಿ ಉಳಿದುಹೋದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಫೀನಿಕ್ಸ್ ಸೊನೋರನ್ ಮರುಭೂಮಿಯ ನಗರ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್, ಮುಟ್ಟಿತು ಅಥವಾ ದಾಟಿತು. ಅದೇ ವರ್ಷ ಫೀನಿಕ್ಸ್ ಸೇರಿರುವ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲಿನ ಕಾರಣದಿಂದ ಸತ್ತವರು 645 ಮಂದಿ. ನಗರಾಡಳಿತ 2010ರಲ್ಲೇ ಮರ ಮತ್ತು ನೆರಳಿಗಾಗಿ ಒಂದು ಮಹಾಯೋಜನೆಯನ್ನು ಒಪ್ಪಿಕೊಂಡು, 2030ರ ಹೊತ್ತಿಗೆ ನಗರದ ಶೇ 25 ಭಾಗಕ್ಕೆ ನೆರಳು ಸಿಗಬೇಕೆಂಬ ಗುರಿ ಇಟ್ಟುಕೊಂಡಿತ್ತು. ಬಿಸಿಲನ್ನು ಎದುರಿಸುವುದಕ್ಕೆಂದೇ 2021ರಲ್ಲಿ ಪ್ರತ್ಯೇಕ ಕಚೇರಿಯನ್ನೂ ತೆರೆಯಿತು, 2024ರಲ್ಲಿ ಹೊಸ ನೆರಳು ಯೋಜನೆಯೊಂದನ್ನು ಅಂಗೀಕರಿಸಿತು. ಅಲ್ಲಿ ನೆರಳು ಬೀದಿಯ ಅಲಂಕಾರವಲ್ಲ, ಆರೋಗ್ಯದ ವಿಷಯ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನೆರಳಿಗೆ ಬಂದ ತಕ್ಷಣ ಗಾಳಿ ತಂಪಾಗುವುದಿಲ್ಲ. ನೆರಳಿನಲ್ಲೂ ಬಿಸಿಲಿನಲ್ಲೂ ಗಾಳಿಯ ಉಷ್ಣಾಂಶ ಹೆಚ್ಚುಕಡಿಮೆ ಒಂದೇ. ನೆರಳು ತಡೆಯುವುದು ಮೈಮೇಲೆ ಬೀಳುವ ವಿಕಿರಣವನ್ನು: ನೇರ ಬಿಸಿಲು, ಗಾಜಿನಿಂದ ಮರಳಿ ಬರುವ ಬಿಸಿಲು, ಕಾದ ಡಾಂಬರು ಮತ್ತು ಗೋಡೆಗಳು ಉಗುಳುವ ಕಾವು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 'ಮಾರ್ಟಿ' ಎಂಬ ತಳ್ಳುಗಾಡಿಯಲ್ಲಿ ಉಪಕರಣಗಳನ್ನು ಹೊತ್ತು ಬೀದಿಬೀದಿ ಸುತ್ತಿ ಅಳೆದದ್ದು ಇದನ್ನೇ. ಆ ಗಾಡಿ ಆರು ದಿಕ್ಕುಗಳಿಂದ ಬರುವ ವಿಕಿರಣವನ್ನು ದಾಖಲಿಸುತ್ತದೆ. ನೆಲದ ಮೇಲೆ ಎಷ್ಟು ಚದರಡಿ ಕಪ್ಪಾಗಿದೆ ಎಂಬುದಕ್ಕಿಂತ, ನಡೆಯುವವರ ಮೈಯ ಎಷ್ಟು ಭಾಗ ಬಿಸಿಲಿನಿಂದ ತಪ್ಪಿಸಿಕೊಂಡಿದೆ ಎಂಬುದು ಮುಖ್ಯ ಎಂದು ನಾನು ಹೇಳುವುದಕ್ಕೆ ಇದೇ ಆಧಾರ.

ಯೋಜನೆ ಸುಮಾರು 60 ಮೀಟರ್ ಎತ್ತರದ ವಸತಿ ಕಟ್ಟಡದ್ದು, ನೆಲಮಹಡಿಯಲ್ಲಿ ಅಂಗಡಿಗಳು. ಉತ್ತರ-ದಕ್ಷಿಣವಾಗಿ ಹೋಗುವ ಬೀದಿಯ ಪೂರ್ವ ಬದಿಯಲ್ಲಿ ಅದರ ಜಾಗ, ಆದ್ದರಿಂದ ಮುಖ ಪಶ್ಚಿಮಕ್ಕೆ. ಮುಂಭಾಗದ ಉದ್ದ 80 ಮೀಟರ್, ಗೋಡೆಯಿಂದ ರಸ್ತೆಯಂಚಿನವರೆಗೆ ಫುಟ್‌ಪಾತಿನ ಅಗಲ 4.6 ಮೀಟರ್. ಎದುರು ಬದಿಯಲ್ಲಿ ಬಯಲು ಕಾರ್ ಪಾರ್ಕಿಂಗ್ ಇದ್ದುದರಿಂದ ಪಶ್ಚಿಮದ ಬಿಸಿಲಿಗೆ ಅಡ್ಡ ಏನೂ ಇರಲಿಲ್ಲ. ಕೆಲವೇ ನಿಮಿಷದ ನಡಿಗೆಯಲ್ಲಿ ಲೈಟ್ ರೈಲು ನಿಲ್ದಾಣ ಇದ್ದುದರಿಂದ ಕೆಲಸ ಮುಗಿಸಿ ಬರುವವರು ಸಂಜೆಯ ಹೊತ್ತು ಇದೇ ಫುಟ್‌ಪಾತಿನಲ್ಲಿ ಸಾಗುತ್ತಿದ್ದರು.

ಮಧ್ಯಾಹ್ನ ಹನ್ನೆರಡರ ಲೆಕ್ಕ

ಯೋಜನೆಗೆ ವಿಧಿಸಿದ್ದ ಷರತ್ತು ಸ್ಪಷ್ಟವಾಗಿತ್ತು: ಫುಟ್‌ಪಾತಿನ ಕನಿಷ್ಠ ಶೇ 75 ಭಾಗಕ್ಕೆ ನೆರಳಿರಬೇಕು, ವರ್ಷದ ಅತಿ ದೀರ್ಘ ಹಗಲಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ, ಮರಗಳು ಪೂರ್ತಿ ಬೆಳೆದಿವೆ ಎಂದು ಇಟ್ಟುಕೊಂಡು, ಆ ಪ್ರಮಾಣವನ್ನು ಲೆಕ್ಕ ಹಾಕಬೇಕು. ಮೊದಲ ನಕ್ಷೆಯಲ್ಲಿ ಗೋಡೆಯಿಂದ 2.4 ಮೀಟರ್ ಮುಂದೆ ಚಾಚಿದ ಲೋಹದ ಸಜ್ಜಾ ಮತ್ತು ರಸ್ತೆಯಂಚಿನ ಉದ್ದಕ್ಕೂ ಒಂಬತ್ತು ಮರಗಳಿದ್ದವು. ಅಂಗಡಿಯ ಗಾಜು ಎತ್ತರವಾಗಿ ಕಾಣಲೆಂದು ಸಜ್ಜಾವನ್ನು 4.9 ಮೀಟರ್ ಎತ್ತರದಲ್ಲಿ ಕೂರಿಸಲಾಗಿತ್ತು. ಎರಡರ ನೆರಳು ಸೇರಿ ಶೇ 78 ಬಂತು.

ಆಮೇಲೆ ನೆಲದಡಿಯ ಸಮೀಕ್ಷೆ ನಡೆಯಿತು. ಅಲ್ಲಲ್ಲಿ ಕಿರುಗುಂಡಿ ತೋಡಿ ನೋಡಿದಾಗ, ಮರ ನೆಡಬೇಕೆಂದಿದ್ದ ಪಟ್ಟಿಯ ಕೆಳಗೇ ಕಾಂಕ್ರೀಟು ಹೊದಿಸಿದ ವಿದ್ಯುತ್ ಕೇಬಲ್‌ಗಳ ಸಾಲು ಸಿಕ್ಕಿತು. ಅದರ ಪಕ್ಕದಲ್ಲಿ ಹಳೆಯ ದೂರವಾಣಿ ಕೊಳವೆಗಳೂ ಇದ್ದವು. ಹಳೆಯ ನಗರಮಧ್ಯದಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ: ಮೇಲೆ ಖಾಲಿ ಕಾಣುವ ನೆಲದ ಅಡಿಯಲ್ಲಿ ಎಲ್ಲರೂ ಮೊದಲೇ ಜಾಗ ಹಿಡಿದಿರುತ್ತಾರೆ. ಒಂಬತ್ತು ಮರಗಳಲ್ಲಿ ಆರನ್ನು ಕೈಬಿಡಬೇಕಾಯಿತು. ಕೇಬಲ್ ಸಾಲು ರಸ್ತೆಯ ಕಡೆಗೆ ತಿರುಗುವ ಉತ್ತರದ ತುದಿಯಲ್ಲಿ ಮಾತ್ರ ಮೂರು ಉಳಿದವು. ಹೋದ ನೆರಳನ್ನು ತುಂಬಿಕೊಳ್ಳಲು ಸಜ್ಜಾವನ್ನು 3.2 ಮೀಟರಿಗೆ ಚಾಚಿದರು. ಹೊಸ ಲೆಕ್ಕದಲ್ಲಿ ಶೇ 76 ಬಂತು. ಷರತ್ತು ಪೂರೈಸಿತ್ತು, ಆ ಹಾಳೆಗೆ ನಾನೂ ಒಪ್ಪಿಗೆ ಹಾಕಿದೆ.

ಒಪ್ಪಿಗೆ ಹಾಕಿದ ಮರುವಾರ ಬೇರೆ ಕೆಲಸಕ್ಕೆಂದು ಸಂಜೆ ನಾಲ್ಕರ ಹೊತ್ತಿಗೆ ಆ ಬೀದಿಗೆ ಹೋಗಿದ್ದೆ. ಮೂಲೆಯಲ್ಲಿ ಸಿಗ್ನಲ್ ದಾಟಲು ಕಾಯುತ್ತಿದ್ದ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ದರು. ಇದೇಕೆ ಹೀಗೆ ಎಂದು ನೋಡಿದರೆ, ಅವರು ನಿಂತದ್ದು ಸಿಗ್ನಲ್ ಕಂಬದ ನೆರಳಿನಲ್ಲಿ. ಆ ನೆರಳು ಗೇಣಗಲವೂ ಇರಲಿಲ್ಲ. ಕೊನೆಯಲ್ಲಿದ್ದ ಹಿರಿಯರೊಬ್ಬರು ಎರಡೂ ಕೈಯಲ್ಲಿ ದಿನಸಿ ಚೀಲ ಹಿಡಿದು, ಮುಖವಾದರೂ ಆ ಗೆರೆಯೊಳಗೆ ಇರಲೆಂದು ಕತ್ತನ್ನು ಓರೆ ಮಾಡಿಕೊಂಡಿದ್ದರು. ಕಂಬದ ನೆರಳು ನೇರ ಪೂರ್ವಕ್ಕೆ, ನಮ್ಮ ಕಟ್ಟಡ ಏಳಬೇಕಾದ ಜಾಗದತ್ತ ಮಲಗಿತ್ತು. ಆ ದಿಕ್ಕು ಕಂಡೊಡನೆ ನಮ್ಮ ಲೆಕ್ಕದಲ್ಲಿ ಏನು ತಪ್ಪಿದೆಯೆಂದು ಹೊಳೆಯಿತು.

ಸಮಸ್ಯೆಯ ಬೇರು

ಜೂನ್ 21ರಂದು ಫೀನಿಕ್ಸ್‌ನಲ್ಲಿ ಸೂರ್ಯ ಸುಮಾರು 80 ಡಿಗ್ರಿ ಎತ್ತರಕ್ಕೆ ಏರುತ್ತಾನೆ, ಬಹುತೇಕ ನಡುನೆತ್ತಿಗೆ. ಆದರೆ ಅವನು ಆ ಎತ್ತರ ಮುಟ್ಟುವುದು ಗಡಿಯಾರದಲ್ಲಿ ಹನ್ನೆರಡೂವರೆಯ ಹೊತ್ತಿಗೆ. ಹನ್ನೆರಡಕ್ಕೆ ಅವನಿನ್ನೂ ಆಗ್ನೇಯದ ಕಡೆ ಇರುತ್ತಾನೆ. ಇದರ ಪರಿಣಾಮ ನೋಡಿ: ಪಶ್ಚಿಮಕ್ಕೆ ಮುಖ ಮಾಡಿದ 60 ಮೀಟರ್ ಎತ್ತರದ ಕಟ್ಟಡದ ನೆರಳೇ ಹನ್ನೆರಡಕ್ಕೆ ಫುಟ್‌ಪಾತನ್ನು ಪೂರ್ತಿ ಮುಚ್ಚಿ ರಸ್ತೆಗೂ ಇಳಿದಿರುತ್ತದೆ. ನಾವು ಕಟ್ಟಡದ ನೆರಳನ್ನು ಬದಿಗಿಟ್ಟು ಸಜ್ಜಾ ಮತ್ತು ಮರಗಳದ್ದನ್ನು ಮಾತ್ರ ಅಳೆದಿದ್ದೆವು. ಹಾಗಾಗಿ ಸಜ್ಜಾ ಬೇಕೇ ಇಲ್ಲದ ಹೊತ್ತಿನಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ ಎಂದು ಶ್ರದ್ಧೆಯಿಂದ ಲೆಕ್ಕ ಹಾಕಿದಂತಾಗಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಟ್ಟಡದ ನೆರಳು ಸರಿದು ಹೋಗುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದ.

ಎರಡು ಗಂಟೆಗೆ ಸೂರ್ಯ 68 ಡಿಗ್ರಿಗೆ ಇಳಿದಿರುತ್ತಾನೆ. 4.9 ಮೀಟರ್ ಎತ್ತರದ ಸಜ್ಜಾದ ಅಂಚಿನ ನೆರಳು ಗೋಡೆಯ ಕಡೆಗೆ ಸುಮಾರು 1.9 ಮೀಟರ್ ಸರಿದು, ನೆಲದ ಮೇಲೆ 1.3 ಮೀಟರಿನ ಪಟ್ಟಿ ಮಾತ್ರ ಉಳಿಯುತ್ತದೆ. ನಾಲ್ಕು ಗಂಟೆಗೆ ಸೂರ್ಯ ನೇರ ಪಶ್ಚಿಮದಲ್ಲಿ, 43 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಆಗ ಅದೇ ಅಂಚಿನ ನೆರಳು 5.2 ಮೀಟರ್ ಸರಿಯಬೇಕು. ಸಜ್ಜಾ ಚಾಚಿರುವುದೇ 3.2 ಮೀಟರ್. ಆದ್ದರಿಂದ ನೆಲದ ಮೇಲೆ ಏನೂ ಉಳಿಯದೆ ನೆರಳು ಗೋಡೆ ಹತ್ತುತ್ತದೆ. ಅಂಗಡಿಯ ಗಾಜಿನ ಮೇಲೆ ಅದರ ಗೆರೆ ಬೀಳುವುದು ನೆಲದಿಂದ 1.9 ಮೀಟರ್ ಎತ್ತರದಲ್ಲಿ. ಗಾಜಿಗೆ ಬೆನ್ನು ಕೊಟ್ಟು ನಿಂತವನಿಗೂ ನೆರಳು ತಲೆಗಿಂತ ಮೇಲೆಯೇ ನಿಂತುಬಿಡುತ್ತದೆ, ಕೆಳಗಿನ ಗಾಜು ಮಾತ್ರ ಬಿಸಿಲನ್ನು ಅವನ ಬೆನ್ನಿಗೆ ಎಸೆಯುತ್ತಿರುತ್ತದೆ. ಕಾಗದದ ಮೇಲೆ ಶೇ 76 ನೆರಳಿದ್ದ ಫುಟ್‌ಪಾತಿನಲ್ಲಿ ನಾಲ್ಕು ಗಂಟೆಗೆ ನೆರಳೆಂದು ಉಳಿಯುವುದು ಉತ್ತರ ತುದಿಯ ಮೂರು ಮರಗಳದ್ದು ಮಾತ್ರ. ಅವು ಬೆಳೆದ ಮೇಲಿನ ಮಾತು ಅದು.

ನಾಲ್ಕು ಸಲಹೆಗಳು

ತಂಡದ ಮುಂದೆ ಇದನ್ನು ಇಟ್ಟಾಗ ಯಾರೂ ಅಲ್ಲಗಳೆಯಲಿಲ್ಲ, ಆದರೆ ಎಲ್ಲರೂ ಅಗ್ಗದ ದಾರಿಯನ್ನೇ ಹುಡುಕಿದರು. ಕಟ್ಟುವವರ ದುಡ್ಡಿಗೆ ಮಿತಿ ಇರುವುದರಿಂದ ಅದರಲ್ಲಿ ತಪ್ಪು ಹುಡುಕುವುದು ನನಗೆ ನ್ಯಾಯವೆನಿಸುವುದಿಲ್ಲ.

ಮೊದಲ ಸಲಹೆ, ಕಾಯುವುದು. ಎದುರಿನ ಪಾರ್ಕಿಂಗ್ ಜಾಗದಲ್ಲಿ ಒಂದಲ್ಲ ಒಂದು ದಿನ ಎತ್ತರದ ಕಟ್ಟಡ ಬರುತ್ತದೆ, ಅದೇ ಸಂಜೆಯ ನೆರಳು ಕೊಡುತ್ತದೆ ಎಂದು ವಾಸ್ತುಶಿಲ್ಪಿ ಹೇಳಿದರು. ಕಟ್ಟಡದ ನೆರಳು ಗಟ್ಟಿಯಾದ ನೆರಳು ಎಂಬುದು ನಿಜ. ಎಲೆಗಳ ನಡುವೆ ಸೋರುವಂತೆ ಅದು ಸೋರುವುದಿಲ್ಲ. ಆದರೆ ಬರಲಿರುವ ಕಟ್ಟಡದ ನೆರಳಿನಲ್ಲಿ ಇಂದು ನಡೆಯುವವರು ನಿಲ್ಲಲಾರರು. ಎರಡನೆಯದು, ಕೇಬಲ್ ಸಾಲನ್ನೇ ಸ್ಥಳಾಂತರಿಸುವುದು. ಅದಕ್ಕೆ ಬೇಕಾಗುವ ಹಣ ಮತ್ತು ತಿಂಗಳುಗಳನ್ನು ಕೇಳಿದ ಮೇಲೆ ಆ ಮಾತು ಅಲ್ಲೇ ನಿಂತಿತು. ಮೂರನೆಯದು, ಕೇಬಲ್‌ಗಳ ಮೇಲೆ ದೊಡ್ಡ ತೊಟ್ಟಿಗಳನ್ನಿಟ್ಟು ಅವುಗಳಲ್ಲಿ ಮರ ಬೆಳೆಸುವುದು. ಮರತಜ್ಞರು ಇದನ್ನು ಖಡಾಖಂಡಿತವಾಗಿ ತಳ್ಳಿಹಾಕಿದರು: ನಾಲ್ಕೂ ಬದಿಯಿಂದ ಕಾಯುವ ತೊಟ್ಟಿಯಲ್ಲಿ ಬೇರು ಬೇಯುತ್ತದೆ, ಬದುಕಿದ ಮರವೂ ಕುಬ್ಜವಾಗಿಯೇ ಉಳಿಯುತ್ತದೆ, ಮುಂಗಾರಿನ ಬಿರುಗಾಳಿಗೆ ಮೊದಲು ಉರುಳುವುದೂ ಅಂಥದ್ದೇ ಎಂದರು.

ನಾಲ್ಕನೆಯ ಸಲಹೆ ಮೇಲ್ನೋಟಕ್ಕೆ ಜಾಣತನದ್ದಾಗಿತ್ತು: ನೆರಳು ಕೊಡಲಾಗದಿದ್ದರೆ ನೆಲವನ್ನಾದರೂ ತಿಳಿಬಣ್ಣ ಮಾಡೋಣ, ಕಾವು ಇಳಿಯುತ್ತದೆ. ಇದಕ್ಕೆ ಉತ್ತರ ಆ ನಗರದಲ್ಲೇ ಸಿಕ್ಕಿತ್ತು. ಫೀನಿಕ್ಸ್ 2020ರಲ್ಲಿ ಕೆಲವು ರಸ್ತೆಗಳಿಗೆ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ತಿಳಿಬಣ್ಣದ ಲೇಪ ಬಳಿದು ಪರೀಕ್ಷಿಸಿತ್ತು. ನಡುಹಗಲಿನಲ್ಲಿ ಆ ರಸ್ತೆಗಳ ಮೇಲ್ಮೈ ಮಾಮೂಲಿ ಡಾಂಬರಿಗಿಂತ 10.5ರಿಂದ 12 ಡಿಗ್ರಿ ಫ್ಯಾರನ್‌ಹೀಟ್ ತಂಪಾಗಿತ್ತು. ಆದರೆ ಅದೇ ಹೊತ್ತಿಗೆ ಅದರ ಮೇಲೆ ನಿಂತ ಮನುಷ್ಯನಿಗೆ ತಟ್ಟುವ ವಿಕಿರಣದ ಕಾವು 5.5 ಡಿಗ್ರಿ ಹೆಚ್ಚಿತ್ತು. ನೆಲ ನುಂಗದ ಬಿಸಿಲು ಮನುಷ್ಯನ ಮೈಗೇ ಬರುತ್ತಿತ್ತು. ರಾತ್ರಿಯ ತಂಪಿಗೆ ಆ ಲೇಪ ಉಪಯುಕ್ತವೇ. ನೆರಳಿಗೆ ಬದಲಾಗಿ ಬಳಸುವಂಥದ್ದಲ್ಲ.

ತಿರುವು

ನಮ್ಮ ವಾರದ ಸಭೆ ಪ್ರತಿ ಸಲ ಬೆಳಿಗ್ಗೆ ಹತ್ತಕ್ಕೆ, ತಂಪಾದ ಕೋಣೆಯಲ್ಲಿ ನಡೆಯುತ್ತಿತ್ತು. ಜೂನ್ ಕೊನೆಯ ವಾರದ ಸಭೆಯನ್ನು ಸಂಜೆ ನಾಲ್ಕಕ್ಕೆ, ಖಾಲಿ ಸೈಟಿನಲ್ಲೇ ನಡೆಸೋಣವೆಂದು ಕೇಳಿಕೊಂಡೆ. ಗೋಡೆ ಬರಬೇಕಾದ ಜಾಗದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದರಿಂದ 3.2 ಮೀಟರ್ ಮುಂದೆ 4.9 ಮೀಟರ್ ಉದ್ದದ ಅಳತೆಗೋಲನ್ನು ನೆಟ್ಟಗೆ ಹಿಡಿಸಿದೆ. ಕೋಲಿನ ತುದಿಯ ನೆರಳು ಬಿಳಿ ಗೆರೆಯನ್ನು ದಾಟಿ ಎರಡು ಮೀಟರ್ ಆಚೆಗೆ ಬಿತ್ತು. ಅಂಗಡಿಗಳನ್ನು ಬಾಡಿಗೆಗೆ ಕೊಡುವ ಹೊಣೆ ಹೊತ್ತಿದ್ದ ಮಹಿಳೆ ಆ ಗೆರೆಯನ್ನೂ ನೆರಳಿನ ತುದಿಯನ್ನೂ ಎರಡೆರಡು ಸಲ ನೋಡಿ, "ಹಾಗಾದರೆ ನಾವು ದುಡ್ಡು ಕೊಟ್ಟು ಮಾಡಿಸುವ ನೆರಳು ಅಂಗಡಿಯೊಳಗೆ ಬೀಳುತ್ತದೆಯೇ?" ಎಂದು ಕೇಳಿದರು. ಅಷ್ಟು ದಿನ ಮೇಜಿನ ಮೇಲೆ ಹರಡಿದ ನಕ್ಷೆಗಳು ಎತ್ತದ ಪ್ರಶ್ನೆಯನ್ನು ಒಂದು ಕೋಲು ಎತ್ತಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲಲು ಯಾರಿಗೂ ಆಗಲಿಲ್ಲ. ಬೇಲಿಯ ಕಬ್ಬಿಣದ ಕೊಳವೆಗೆ ಒರಗಲು ಹೋದ ವಾಸ್ತುಶಿಲ್ಪಿ ಮೊಣಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡರು.

ಅಂದು ಸಂಜೆಯೇ ಎರಡು ತೀರ್ಮಾನಗಳಾದವು. ಒಂದು, ಸಜ್ಜಾವನ್ನು 4.9ರಿಂದ 3.4 ಮೀಟರಿಗೆ ಇಳಿಸುವುದು. ನಾಲ್ಕು ಗಂಟೆಗೆ ನೆಲದ ಮೇಲೆ ನೆರಳು ಆಗಲೂ ಬೀಳುವುದಿಲ್ಲ. ಆದರೆ ಗಾಜಿನ ಮೇಲಿನ ನೆರಳಿನ ಗೆರೆ 0.4 ಮೀಟರಿಗೆ, ಅಂದರೆ ಮೊಣಕಾಲಿನ ಕೆಳಕ್ಕೆ ಇಳಿಯುತ್ತದೆ. ಗೋಡೆಯ ಪಕ್ಕದಲ್ಲಿ ನಡೆಯುವವರ ಮೈ ಬಹುತೇಕ ನೆರಳಿನಲ್ಲಿರುತ್ತದೆ, ಗೋಡೆಯಿಂದ ಒಂದು ಮೀಟರ್ ದೂರ ನಡೆಯುವವರ ತಲೆ ಮತ್ತು ಎದೆಯಾದರೂ ನೆರಳಿನಲ್ಲಿರುತ್ತವೆ. ಗಾಜು ಮರಳಿ ಎಸೆಯುವ ಬಿಸಿಲೂ ಕಡಿಮೆಯಾಗುತ್ತದೆ. ನೆಲವನ್ನು ಮಾತ್ರ ಅಳೆಯುವ ಲೆಕ್ಕಕ್ಕೆ ಇದ್ಯಾವುದೂ ಕಾಣುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಸಜ್ಜಾದ ಮೇಲ್ಭಾಗದ ಗಾಜನ್ನು ಹಾಗೇ ಉಳಿಸಿದ್ದರಿಂದ ಅಂಗಡಿಯೊಳಗಿನ ಬೆಳಕಿಗೂ ಎತ್ತರಕ್ಕೂ ಧಕ್ಕೆಯಾಗಲಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡ ತೀರ್ಮಾನ. ಫುಟ್‌ಪಾತಿನ ಅಂಚಿನ ಕೆಳಗೆ ಕೇಬಲ್ ಇದ್ದರೇನು, ಅದರಾಚೆ ಕಾರು ನಿಲ್ಲಿಸುವ ಪಟ್ಟಿಯ ಕೆಳಗೆ ಏನೂ ಇರಲಿಲ್ಲ. ರಸ್ತೆಯಂಚನ್ನು ಅಲ್ಲಲ್ಲಿ ಆ ಪಟ್ಟಿಯೊಳಕ್ಕೆ ಮುಂದೂಡಿ ಮರದ ಪಾತಿಗಳನ್ನು ಮಾಡಬಹುದೆಂದು ಮರತಜ್ಞರು ಸೂಚಿಸಿದರು. ಲೆಕ್ಕ ಹಾಕಿ ನೋಡಿದಾಗ ಅದು ಮೊದಲಿನ ಜಾಗಕ್ಕಿಂತ ಚೆನ್ನಾಗಿತ್ತು. ಅಂಚಿನಿಂದ 1.2 ಮೀಟರ್ ಪಶ್ಚಿಮಕ್ಕೆ ನಿಂತ ಮರದ ಕೊಂಬೆಗಳು ನೆಲದಿಂದ 3ರಿಂದ 6 ಮೀಟರ್ ಎತ್ತರದಲ್ಲಿ ಹರಡಿದ್ದರೆ, ನಾಲ್ಕು ಗಂಟೆಗೆ ಅವುಗಳ ನೆರಳು ಅಂಚಿನಿಂದ ಸುಮಾರು 2 ಮೀಟರ್ ಒಳಗೆ ಆರಂಭವಾಗಿ ಗೋಡೆಯ ತನಕ ಬೀಳುತ್ತದೆ. ಜನ ನಡೆಯುವುದು ಅಲ್ಲೇ. ನಡೆಯುವವರಿಗೂ ಇಳಿಹೊತ್ತಿನ ಸೂರ್ಯನಿಗೂ ನಡುವೆ ಮರ ಇರಬೇಕೆಂಬ ಸರಳ ಸಂಗತಿಯನ್ನು ಸಜ್ಜಾದ ಗದ್ದಲದಲ್ಲಿ ನಾವು ಮರೆತಿದ್ದೆವು.

ಐದು ಪಾತಿಗಳೆಂದರೆ ಹನ್ನೆರಡು ಕಾರಿನ ಜಾಗದಲ್ಲಿ ಐದು ಹೋಗುತ್ತವೆ. ಅಂಗಡಿಯ ಬಾಗಿಲಲ್ಲೇ ಕಾರು ನಿಲ್ಲಬೇಕೆಂದು ಬಾಡಿಗೆದಾರರು ಬಯಸುತ್ತಾರೆ, ಇದಕ್ಕೆ ಒಪ್ಪುವುದಿಲ್ಲ ಎಂಬ ಆತಂಕ ಮೂರು ಸಭೆಗಳನ್ನು ತಿಂದಿತು. ಮಳೆನೀರು ಹರಿಯುವ ದಾರಿ, ಅಗ್ನಿಶಾಮಕ ವಾಹನದ ತಿರುವು, ಎರಡನ್ನೂ ಹೊಸದಾಗಿ ತೋರಿಸಬೇಕಾಯಿತು. ಕೊನೆಗೆ ಒಪ್ಪಿಗೆ ದೊರೆತದ್ದು ಕಟ್ಟಡದೊಳಗಿನ ಪಾರ್ಕಿಂಗ್‌ನಲ್ಲಿ ಗಿರಾಕಿಗಳಿಗೆಂದು ಒಂದಷ್ಟು ಜಾಗ ಬಿಟ್ಟುಕೊಟ್ಟ ಮೇಲೆ. ಇದೇ ಸಮಯದಲ್ಲಿ ಮರದ ಜಾತಿಯನ್ನೂ ಬದಲಿಸಿದೆವು. ನಕ್ಷೆಯಲ್ಲಿದ್ದ ಪಾಲೋ ವರ್ಡೆ ಆ ಮರುಭೂಮಿಯದೇ ಸುಂದರ ಮರ. ಅದರ ಎಲೆಗಳು ತೀರ ಸಣ್ಣವಾದ್ದರಿಂದ ನೆರಳು ಜರಡಿ ಹಿಡಿದಂತೆ ತೆಳುವಾಗಿರುತ್ತದೆ. ನೀರು ಹೆಚ್ಚು ಬೇಡಿದರೂ ದಟ್ಟ ನೆರಳು ಕೊಡುವ ಲೈವ್ ಓಕ್ ಆರಿಸಿಕೊಂಡೆವು. ನೀರಿನ ಬಗ್ಗೆ ಆಕ್ಷೇಪ ಎತ್ತಿದವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಎಂಟು ಮರಗಳ ನೀರು ಉಳಿಸಲು ಸಾವಿರಾರು ಜನರ ದಾರಿಯನ್ನು ಬಿಸಿಲಿಗೆ ಬಿಡುವುದು ನನಗೆ ಸರಿಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ.

ಆದದ್ದು

ಕಟ್ಟಡ ತೆರೆದ ಮೊದಲ ಬೇಸಿಗೆ ನಿರಾಸೆಯದಾಗಿತ್ತು. ಪೂರ್ತಿ ಬೆಳೆದಾಗ ಒಂದೊಂದು ಮರದ ಹರವು 6 ಮೀಟರ್ ಇರುತ್ತದೆಂದು ಲೆಕ್ಕದಲ್ಲಿತ್ತು. ನೆಟ್ಟ ಮರಗಳ ಹರವು 2.5 ಮೀಟರ್. ಅಂದರೆ 80 ಮೀಟರ್ ದಾರಿಯಲ್ಲಿ ಎಂಟು ಮರಗಳು ಮುಂದೊಂದು ದಿನ 48 ಮೀಟರಿಗೆ ಕೊಡುವ ನೆರಳನ್ನು ಆ ವರ್ಷ ಕೊಟ್ಟದ್ದು 20 ಮೀಟರಿಗೆ. ಇಳಿಸಿದ ಸಜ್ಜಾ ಮಾತ್ರ ಮೊದಲ ದಿನದಿಂದಲೇ ಕೆಲಸ ಮಾಡಿತು. ಸಂಜೆ ನಾಲ್ಕರ ಹೊತ್ತಿಗೆ ಜನ ಗೋಡೆಗೆ ಅಂಟಿಕೊಂಡಂತೆ ಒಬ್ಬರ ಹಿಂದೊಬ್ಬರು ನಡೆಯುವುದನ್ನು ನೋಡಿದೆ, ಎದುರಿನಿಂದ ಯಾರಾದರೂ ಬಂದರೆ ಮಾತ್ರ ಬಿಸಿಲಿಗೆ ಹೆಜ್ಜೆ ಇಡುತ್ತಿದ್ದರು. ಐದೂವರೆಯ ನಂತರ ಸೂರ್ಯ 25 ಡಿಗ್ರಿಗಿಂತ ಕೆಳಗೆ ಇಳಿದಾಗ ಮರಗಳ ನೆರಳೂ ಗೋಡೆ ಹತ್ತುತ್ತದೆ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅದೇ ಬೇಸಿಗೆಯಲ್ಲಿ ಒಂದು ಮರ ಸತ್ತಿತು. ರೋಗ ಬಂದಿರಲಿಲ್ಲ. ಗಾಜು ದುರಸ್ತಿಗೆ ಬಂದವರು ಹನಿ ನೀರಾವರಿಯ ಕವಾಟ ಮುಚ್ಚಿ, ಮತ್ತೆ ತೆರೆಯದೆ ಹೋಗಿದ್ದರು. ಆ ಕವಾಟಕ್ಕೆ ಯಾರು ಹೊಣೆ ಎಂಬುದು ಒಪ್ಪಂದದ ಯಾವ ಪುಟದಲ್ಲೂ ಇರಲಿಲ್ಲ. ನಲವತ್ತು ಪುಟಗಳ ನೆರಳಿನ ದಾಖಲೆಯಲ್ಲಿ ನೀರಿನ ಬಗ್ಗೆ ಇದ್ದದ್ದು ಎರಡು ಸಾಲು. ಹೊಸ ಮರ ನೆಟ್ಟೆವು, ಆದರೆ ಅದು ಉಳಿದವಕ್ಕಿಂತ ಒಂದು ವರ್ಷ ಹಿಂದೆ ಬಿದ್ದಿತ್ತು. ಅದರ ನಂತರ ಕವಾಟದ ಪೆಟ್ಟಿಗೆಗೆ ಬೀಗ ಬಂತು, ವಾರಕ್ಕೊಮ್ಮೆ ನೋಡಬೇಕೆಂದು ಕಟ್ಟಡದ ನಿರ್ವಹಣಾ ಪಟ್ಟಿಯಲ್ಲಿ ಒಬ್ಬರ ಹುದ್ದೆಯ ಹೆಸರೂ ಬಂತು.

ಮೂರನೆಯ ಬೇಸಿಗೆಯ ಹೊತ್ತಿಗೆ ಮರಗಳ ನೆರಳು ಒಂದಕ್ಕೊಂದು ಹತ್ತಿರವಾಗಿತ್ತು. ಒಂದು ಸಂಜೆ ಮಗುವಿನ ತಳ್ಳುಗಾಡಿ ಹಿಡಿದ ತಾಯಿಯೊಬ್ಬರು ನಿಲ್ದಾಣದ ಕಡೆಗೆ ಹೋಗುತ್ತ, ದಕ್ಷಿಣ ತುದಿಯ ಕೊನೆಯ ಮರದ ಕೆಳಗೆ ನಿಂತರು. ಅಲ್ಲಿಂದ ಮೂಲೆಯ ಸಿಗ್ನಲ್‌ಗೆ ಇಪ್ಪತ್ತು ಹೆಜ್ಜೆ. ನಡುವೆ ಪಾರ್ಕಿಂಗ್‌ಗೆ ಹೋಗುವ ಇಳಿಜಾರು ದಾರಿ ಇದ್ದುದರಿಂದ, ಚಾಲಕರಿಗೆ ಅಡ್ಡವಾಗಬಾರದೆಂದು ಅಲ್ಲಿ ಮರಕ್ಕೆ ಅವಕಾಶವಿರಲಿಲ್ಲ. ಆಕೆ ಸಿಗ್ನಲ್‌ನಲ್ಲಿ ದಾಟಬಹುದೆಂಬ ಬಿಳಿ ದೀಪ ಬರುವುದನ್ನೇ ಕಾದು, ಆದೊಡನೆ ಗಾಡಿ ತಳ್ಳಿಕೊಂಡು ಓಡಿದರು. ಮೂಲೆ ಮುಟ್ಟುವಷ್ಟರಲ್ಲಿ ಅವಧಿ ಮುಗಿದಿತ್ತು. ಮುಂದಿನ ಸರದಿ ಬರುವ ತನಕ ಮಗುವಿನ ಮೇಲೆ ತಮ್ಮ ಮೈಯನ್ನೇ ಅಡ್ಡ ಮಾಡಿ ಬಗ್ಗಿ ನಿಂತರು.

ಇದು ನಮ್ಮ ಎರಡನೆಯ ಲೆಕ್ಕವೂ ಹಿಡಿಯದ ತಪ್ಪು. ಶೇಕಡಾವಾರು ಲೆಕ್ಕಕ್ಕೆ ಫುಟ್‌ಪಾತಿನ ಪ್ರತಿ ಮೀಟರೂ ಒಂದೇ. ಮನುಷ್ಯರಿಗೆ ಹಾಗಲ್ಲ: ಎಂಬತ್ತು ಮೀಟರನ್ನು ಒಂದು ನಿಮಿಷದಲ್ಲಿ ದಾಟುತ್ತಾರೆ, ಮೂಲೆಯಲ್ಲಿ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಕದಲದೆ ನಿಲ್ಲುತ್ತಾರೆ. ನಾವು ನಡೆಯುವಲ್ಲಿ ನೆರಳು ಹರಡಿ, ನಿಲ್ಲುವಲ್ಲಿ ಬಿಸಿಲು ಬಿಟ್ಟಿದ್ದೆವು. ಕಂಬದ ನೆರಳಿನಲ್ಲಿ ಸಾಲಾಗಿ ನಿಂತವರನ್ನು ಮೊದಲೇ ಕಂಡಿದ್ದ ನನಗೆ ಇದು ಹೊಳೆಯಬೇಕಿತ್ತು. ಅಂದು ಆ ಸಾಲಿನಿಂದ ಬಿಸಿಲಿನ ದಿಕ್ಕನ್ನು ಕಲಿತೆ, ಅವರು ನಿಂತ ಜಾಗವನ್ನು ಮರೆತೆ.

ಈಗ ಹೊಸ ಯೋಜನೆಗೆ ಕೂತಾಗ ನಾವು ಷರತ್ತಿನ ಹನ್ನೆರಡು ಗಂಟೆಯ ಹಾಳೆಯ ಜೊತೆಗೆ ಇನ್ನೂ ಮೂರು ಹಾಳೆ ಇಡುತ್ತೇವೆ: ಎರಡು, ನಾಲ್ಕು ಮತ್ತು ಐದೂವರೆಯವು. ಪ್ರತಿಯೊಂದನ್ನೂ ಎರಡು ಸಲ ಬಿಡಿಸುತ್ತೇವೆ, ನೆಟ್ಟ ದಿನದ ಮರಕ್ಕೆ ಒಮ್ಮೆ, ಬೆಳೆದ ಮರಕ್ಕೆ ಒಮ್ಮೆ. ನಿಲ್ಲುವ ಜಾಗಗಳನ್ನು ಮೊದಲು ಕೆಂಪಿನಲ್ಲಿ ಗುರುತಿಸಿ, ಅಲ್ಲಿ ನೆರಳು ಸಿಕ್ಕ ಮೇಲೆಯೇ ಉಳಿದದ್ದನ್ನು ಅಳೆಯುತ್ತೇವೆ. ಇಲ್ಲಿ ಹೇಳಿದ ಕಟ್ಟಡದ ಮಾಲೀಕರು ಮೂಲೆಯಲ್ಲಿ ಸಿಗ್ನಲ್ ದೀಪಗಳಿಗೆ ಅಡ್ಡವಾಗದಂತೆ, ಪಶ್ಚಿಮದ ಕಡೆ ಪಟ್ಟಿಗಳನ್ನು ಇಳಿಬಿಟ್ಟ ಒಂದು ಸಣ್ಣ ಚಪ್ಪರ ಹಾಕಿಸಲು ಒಪ್ಪಿದ್ದಾರೆ. ಅದರ ಅಡಿಪಾಯಕ್ಕೆ ಜಾಗ ಹುಡುಕಲು ಕಳೆದ ವಾರ ಮತ್ತೆ ಕಿರುಗುಂಡಿ ತೋಡಿದೆವು; ಮೂರರಲ್ಲಿ ಒಂದು ಗುಂಡಿಯಲ್ಲಿ ಏನೂ ಸಿಗಲಿಲ್ಲ.